ಇಡೀ ಮನೆಯ ಮಾತು ಕೇಳುವವರು ಎಲ್ಲಿ ಸಿಗುತ್ತಾರೆ? ಹಾಸನ ಸೀಮೆಯವರಿಗೊಂದು ಮಾರ್ಗದರ್ಶಿ

ಹಾಸನದ ಬಿ.ಎಂ. ರಸ್ತೆಯಲ್ಲಿ ಮೂಳೆ ವೈದ್ಯರ ಫಲಕವಿದೆ, ಹಲ್ಲಿನವರದ್ದಿದೆ, ಚರ್ಮ, ಕೂದಲು, ಕಣ್ಣು ಎಲ್ಲಕ್ಕೂ ಒಂದೊಂದು ಫಲಕವಿದೆ. 'ಕುಟುಂಬ ಚಿಕಿತ್ಸಕರು' ಎಂಬ ಫಲಕ ಹುಡುಕಿಕೊಂಡು ಹೊರಟವರು ಮಾತ್ರ ಬರಿಗೈಯಲ್ಲಿ ಮನೆಗೆ ಮರಳುವ ಸಂಭವವೇ ಹೆಚ್ಚು. ಆ ಕೆಲಸ ಬಲ್ಲವರು ಜಿಲ್ಲೆಯಲ್ಲಿ ಇಲ್ಲವೆಂದು ಇದರ ಅರ್ಥವಲ್ಲ. ಅವರು ಬೇರೆ ಹುದ್ದೆಯ ಹೆಸರಿನಲ್ಲಿ, ಸಾಮಾನ್ಯವಾಗಿ ಮನೋವೈದ್ಯರ ಪಕ್ಕದ ಚಿಕ್ಕ ಕೋಣೆಯೊಂದರಲ್ಲಿ ಕುಳಿತಿರುತ್ತಾರೆ. ಹಾಗಾಗಿ ಫಲಕವನ್ನು ಮರೆತು ಕೆಲಸವನ್ನು ವಿಚಾರಿಸಿಕೊಂಡು ಹೋಗಬೇಕು. ಎಲ್ಲಿ ವಿಚಾರಿಸಬೇಕು, ಏನೆಂದು ಕೇಳಬೇಕು, ಸಿಕ್ಕವರು ನಮಗೆ ಆಗಿಬರುವವರೇ ಎಂದು ತಿಳಿಯುವುದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಚಿಕ್ಕಮಗಳೂರು ಕಡೆಯವರಿಗೂ ಇದರ ಬಹುಪಾಲು ಹಾಗೆಯೇ ಅನ್ವಯಿಸುತ್ತದೆ.

ಕುಟುಂಬ ಚಿಕಿತ್ಸೆ ಎಂದರೆ ಏನು ನಡೆಯುತ್ತದೆ

ಒಂದು ಮನೆಯನ್ನು ಊಹಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗ ಸಂಜೆಯಾದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಅಮ್ಮ ಬಾಗಿಲು ಬಡಿಯುತ್ತಾರೆ. ಅಪ್ಪ ತೋಟದಿಂದ ಬಂದವರು ಅಮ್ಮನ ಮೇಲೆ ರೇಗುತ್ತಾರೆ. ಅಜ್ಜಿ ಯಾರಿಗೂ ಹೇಳದೆ ಊಟದ ತಟ್ಟೆಯನ್ನು ಕೋಣೆಗೇ ಒಯ್ದು ಕೊಡುತ್ತಾರೆ. ಮನೆಯವರ ಲೆಕ್ಕದಲ್ಲಿ ತೊಂದರೆ ಇರುವುದು ಹುಡುಗನಲ್ಲಿ, ಅಥವಾ ಅವನ ಮೊಬೈಲಿನಲ್ಲಿ. ಕುಟುಂಬ ಚಿಕಿತ್ಸೆ ಬಲ್ಲವರು ಹುಡುಗನೊಬ್ಬನನ್ನೇ ನೋಡುವುದಿಲ್ಲ. 'ಅವನು ಬಾಗಿಲು ಹಾಕಿಕೊಂಡಾಗ ಮೊದಲು ಎದ್ದು ಹೋಗುವವರು ಯಾರು? ಆಗ ಉಳಿದವರು ಏನು ಮಾಡುತ್ತೀರಿ? ಅಜ್ಜಿ ತಟ್ಟೆ ಒಯ್ಯದ ದಿನ ಏನಾಗುತ್ತದೆ?' ಎಂದು ಕೇಳುತ್ತಾರೆ. ಪ್ರಶ್ನೆಗಳು ಸಪ್ಪೆ ಎನಿಸಬಹುದು. ಆದರೆ ಪ್ರತಿಯೊಬ್ಬರೂ ಒಳ್ಳೆಯದಕ್ಕೆಂದೇ ಮಾಡುತ್ತಿರುವ ಕೆಲಸ ಹೇಗೆ ಒಂದರ ಹಿಂದೊಂದು ಸೇರಿ ಅದೇ ಜಗಳವನ್ನು ಪ್ರತಿ ಸಂಜೆ ಎಬ್ಬಿಸುತ್ತಿದೆ ಎಂಬುದು ಇಂತಹ ಪ್ರಶ್ನೆಗಳಿಂದಲೇ ಹೊರಬರುತ್ತದೆ.

ಈ ವಿದ್ಯೆಯ ಆರಂಭದ ದೊಡ್ಡವರಲ್ಲಿ ಒಬ್ಬರಾದ ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಒಂದು ವಿಷಯವನ್ನು ಒತ್ತಿ ಹೇಳಿದ್ದರು. ಇಬ್ಬರ ನಡುವೆ ಬಿಗುವು ಹೆಚ್ಚಾದಾಗ ಅವರು ಮೂರನೆಯವರೊಬ್ಬರನ್ನು ನಡುವೆ ಎಳೆದುಕೊಳ್ಳುತ್ತಾರೆ, ಆಗ ಇಬ್ಬರಿಗೂ ಸ್ವಲ್ಪ ಹಗುರವಾಗುತ್ತದೆ, ಭಾರ ಮೂರನೆಯವರ ಮೇಲೆ ಬೀಳುತ್ತದೆ. ಗಂಡ ಹೆಂಡತಿ ನೇರವಾಗಿ ಮಾತಾಡದೆ 'ನಿಮ್ಮಪ್ಪನಿಗೆ ಹೇಳು' 'ನಿಮ್ಮಮ್ಮನಿಗೆ ಹೇಳು' ಎಂದು ಮಗಳ ಮೂಲಕ ಸಂಸಾರ ನಡೆಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ಊರ ಹಿರಿಯರ ಪಂಚಾಯಿತಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ ಮಾತಿನಲ್ಲಿದೆ: ಪಂಚಾಯಿತಿ ತೀರ್ಪು ಕೊಡುತ್ತದೆ, ಚಿಕಿತ್ಸಕರು ಕೊಡುವುದಿಲ್ಲ. ತಪ್ಪು ಯಾರದೆಂದು ಹೇಳಿಸಿಕೊಳ್ಳಲೆಂದೇ ಹೋದವರಿಗೆ ಇಲ್ಲಿ ನಿರಾಸೆಯಾಗುತ್ತದೆ, ಆಗಲಿ.

ಇದು ಪರದೇಶದ ಸರಕು ಎಂದು ಮೂಗು ಮುರಿಯುವವರಿಗಾಗಿ ಒಂದು ಮಾತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಯ ಜೊತೆ ಮನೆಯವರನ್ನೂ ಆವರಣದಲ್ಲಿ ಗುಡಾರ ಹಾಕಿ ಉಳಿಸಿಕೊಂಡಿದ್ದರು. ಮನೆಯವರು ಚಿಕಿತ್ಸೆಯ ಭಾಗವಾದಾಗ ರೋಗಿಗಳು ಬೇಗ ಮನೆಗೆ ಮರಳಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕೀಯಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ, ಅಗತ್ಯವಿದ್ದರೆ ಮನೆಯವರು ಅಲ್ಲೇ ಉಳಿದು ಚಿಕಿತ್ಸೆ ಪಡೆಯುವ ಏರ್ಪಾಡೂ ಉಂಟು.

ಹುಡುಕುವ ಮೊದಲು: ನಿಮ್ಮದು ಇಲ್ಲಿಗೆ ಬರುವ ವಿಷಯವೇ?

ಮನೆಯೊಳಗಿನ ಎಲ್ಲ ಕಷ್ಟವೂ ಕುಟುಂಬ ಚಿಕಿತ್ಸೆಗೆ ಬರುವಂಥದ್ದಲ್ಲ. ಕೆಲವಕ್ಕೆ ಬೇರೆ ಬಾಗಿಲು ತಟ್ಟಬೇಕು, ಅದೂ ಮೊದಲೇ ತಟ್ಟಬೇಕು.

ಹೊಡೆತ, ಬೆದರಿಕೆ ಇರುವ ಮನೆಯ ವಿಷಯವನ್ನು ಎಲ್ಲಕ್ಕಿಂತ ಮೊದಲು ಹೇಳುತ್ತೇನೆ. ಗಂಡ ಹೊಡೆಯುತ್ತಾನೆ, ಅಥವಾ ಅವನು ಬಂದ ಸದ್ದಿಗೇ ಮನೆಯವರು ನಡುಗುತ್ತಾರೆ ಎಂದಾದರೆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮನಬಿಚ್ಚಿ ಮಾತಾಡಿ ಎನ್ನುವುದು ಅಪಾಯ. ಅಲ್ಲಿ ಹೆಂಡತಿ ಬಾಯಿಬಿಟ್ಟು ಆಡಿದ ಮಾತಿಗೆ ಅದೇ ರಾತ್ರಿ ಮನೆಯಲ್ಲಿ ಬೆಲೆ ತೆರಬೇಕಾಗಬಹುದು. ಒಳ್ಳೆಯ ಚಿಕಿತ್ಸಕರು ಇದನ್ನು ತಿಳಿದೇ ಮೊದಲು ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಮಾತಾಡಿಸುತ್ತಾರೆ. ಇಂತಹ ಸಂದರ್ಭದಲ್ಲಿ ಮಹಿಳಾ ಸಹಾಯವಾಣಿ 181, ತುರ್ತಾದರೆ 112. ಜಿಲ್ಲೆಗೊಂದರಂತೆ ಇರುವ ಸಖಿ ಕೇಂದ್ರದಲ್ಲಿ ವೈದ್ಯಕೀಯ ನೆರವು, ಕಾನೂನು ನೆರವು, ತಾತ್ಕಾಲಿಕ ಆಶ್ರಯ ಒಂದೇ ಕಡೆ ಸಿಗುತ್ತವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳಿಗೆ ದೂರು ಕೊಡಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾ ಕಚೇರಿಗೆ ಹೋದರೆ ದಾರಿ ತೋರಿಸುತ್ತಾರೆ. ಮಕ್ಕಳ ಮೇಲೆ ದೌರ್ಜನ್ಯವಾಗುತ್ತಿದ್ದರೆ 1098. ಮನೆಯ ವೃದ್ಧರನ್ನು ಹಿಂಸಿಸುತ್ತಿದ್ದರೆ, ಅಥವಾ ಅವರ ಪಿಂಚಣಿ ಕಿತ್ತುಕೊಳ್ಳುತ್ತಿದ್ದರೆ ಹಿರಿಯರ ಸಹಾಯವಾಣಿ 14567.

ಯಾರಾದರೂ ಸಾಯುವ ಮಾತಾಡುತ್ತಿದ್ದರೆ ಮುಂದಿನ ವಾರದ ಸಮಯ ಕಾಯ್ದಿರಿಸಿ ಕೂರಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಆಗಲೇ ಕರೆ ಮಾಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಕ್ರಿಮಿನಾಶಕ, ಕಳೆನಾಶಕಗಳ ಡಬ್ಬಿಯನ್ನು ಕೈಗೆ ಸಿಗದಂತೆ ಬೀಗ ಹಾಕಿಡಿ. ನಮ್ಮದು ಕೃಷಿ ಜಿಲ್ಲೆ, ಆ ಡಬ್ಬಿ ಇಲ್ಲದ ಮನೆ ಕಡಿಮೆ. ಏನಾದರೂ ಕುಡಿದಿದ್ದರೆ 108. 'ಪೊಲೀಸ್ ಕೇಸಾಗುತ್ತದೆ' ಎಂದು ಹೆದರಿ ಆಸ್ಪತ್ರೆಗೆ ಹೋಗಲು ತಡ ಮಾಡುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಬೇರೆ ರುಜುವಾತು ಇಲ್ಲದಿದ್ದರೆ ಶಿಕ್ಷಿಸುವಂತಿಲ್ಲ.

ಇಲ್ಲದ ದನಿ ಕೇಳಿಸುವುದು, ಎಲ್ಲರ ಮೇಲೂ ವಿಪರೀತ ಅನುಮಾನ, ದಿನಗಟ್ಟಲೆ ನಿದ್ದೆಯಿಲ್ಲದ ಓಡಾಟ, ವಯಸ್ಸಾದವರಲ್ಲಿ ಏಕಾಏಕಿ ಮರೆವು ಇವುಗಳಿದ್ದರೆ ಮೊದಲು ಮನೋವೈದ್ಯರು ನೋಡಲಿ. ಕುಡಿತ ಮಿತಿಮೀರಿದ್ದರೂ ಹಾಗೆಯೇ. ಕುಡಿದು ಬಂದವರನ್ನು ಕೂರಿಸಿಕೊಂಡು ಯಾರೂ ಕುಟುಂಬ ಚಿಕಿತ್ಸೆ ನಡೆಸಲಾರರು. ಔಷಧ ಹಿಡಿತಕ್ಕೆ ತಂದ ಮೇಲೆ ಮನೆಯವರೆಲ್ಲ ಕೂತು ಮಾತಾಡುವ ಘಟ್ಟ ಬರುತ್ತದೆ.

ಇನ್ನು ಪಾಲು. ಕಾಫಿ ತೋಟ, ಗದ್ದೆ, ಸೈಟು ಯಾರಿಗೆ ಎಷ್ಟು ಎಂಬುದು ವಕೀಲರ ವಿಷಯ. ಖರ್ಚು ಮಾಡಲಾಗದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಆದರೆ ಪಾಲಾಗಿ, ಪತ್ರ ನೋಂದಣಿಯಾಗಿ ವರ್ಷಗಳಾದ ಮೇಲೂ ಅಣ್ಣ ತಮ್ಮ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ ಎಂದಾದರೆ, ಅದಕ್ಕೆ ಸರ್ವೆ ನಂಬರಿನಲ್ಲಿ ಉತ್ತರವಿಲ್ಲ. ಅದು ಇಲ್ಲಿಗೆ ಬರುವ ವಿಷಯ.

ಯಾರು ಯಾರು?

ಮನೋವೈದ್ಯರು ಎಂದರೆ ಎಂ.ಬಿ.ಬಿ.ಎಸ್. ಆದ ಮೇಲೆ ಮನೋವೈದ್ಯಕೀಯದಲ್ಲಿ ಎಂ.ಡಿ. ಅಥವಾ ಅದಕ್ಕೆ ಸಮನಾದ ಪದವಿ ಪಡೆದವರು. ಔಷಧ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮನಃಶಾಸ್ತ್ರದ ಸ್ನಾತಕೋತ್ತರ ಪದವಿಯ ಮೇಲೆ ಆಸ್ಪತ್ರೆಯಲ್ಲಿ ಮೇಲ್ವಿಚಾರಣೆಯಡಿ ತರಬೇತಿ ಪಡೆದವರು, ಸಾಮಾನ್ಯವಾಗಿ ಎರಡು ವರ್ಷದ ಎಂ.ಫಿಲ್. ಇವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ ದಾಖಲೆಯಲ್ಲಿರಬೇಕು. ನೋಂದಣಿ ಸಂಖ್ಯೆ ಕೇಳಿ ಪರಿಷತ್ತಿನ ಜಾಲತಾಣದಲ್ಲಿ ನೋಡಬಹುದು. ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಳ್ಳುವವರಾದರೆ ಅದೂ ಒಂದು ಉತ್ತರವೇ.

ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಮೂರನೆಯವರ ಬಗ್ಗೆ: ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್. ಹೆಸರಿನಲ್ಲಿ 'ಸೋಶಿಯಲ್ ವರ್ಕ್' ಇರುವುದರಿಂದ ನಮ್ಮವರು ಇವರನ್ನು ಫಾರಂ ತುಂಬಿಸುವ ಸಿಬ್ಬಂದಿ ಎಂದುಕೊಂಡು ಮುಂದೆ ಹೋಗಿಬಿಡುತ್ತಾರೆ. 2017ರ ಕಾಯ್ದೆ ಇವರಿಗೆ ಬಯಸುವ ಅರ್ಹತೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮತ್ತು ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಆ ತರಬೇತಿಯ ತಿರುಳೇ ಕುಟುಂಬ: ಮನೆಯನ್ನು ನೋಡುವುದು, ಮನೆಯವರೊಂದಿಗೆ ಮಾತಾಡುವುದು, ಒಬ್ಬರ ಕಾಯಿಲೆ ಉಳಿದವರನ್ನು ಹೇಗೆ ಬಾಗಿಸಿದೆ ಎಂದು ತಿಳಿಯುವುದು. ಸರ್ಕಾರಿ ವ್ಯವಸ್ಥೆಯಲ್ಲಿ ಕುಟುಂಬ ಚಿಕಿತ್ಸೆ ಮಾಡುವವರು ಬಹಳ ಸಲ ಇವರೇ.

ಉಳಿದದ್ದು 'ಆಪ್ತ ಸಮಾಲೋಚಕರು' ಎಂಬ ದೊಡ್ಡ ಗುಂಪು. ಇದರಲ್ಲಿ ವರ್ಷಗಟ್ಟಲೆ ಕಲಿತು ಪಳಗಿದವರೂ ಇದ್ದಾರೆ, ವಾರಾಂತ್ಯದ ಪ್ರಮಾಣಪತ್ರ ಗೋಡೆಗೆ ಹಾಕಿಕೊಂಡವರೂ ಇದ್ದಾರೆ. 2021ರಲ್ಲಿ ಬಂದ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಸಮಾಲೋಚಕರನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಆದರೂ ಏನು ಓದಿದ್ದೀರಿ, ಎಲ್ಲಿ, ಎಷ್ಟು ಕಾಲ ಎಂದು ನೀವೇ ಕೇಳುವುದು ಲೇಸು.

ಎಲ್ಲಿ ವಿಚಾರಿಸಬೇಕು

ಮೊದಲ ಬಾಗಿಲು ಮನೆಯಲ್ಲೇ ಇದೆ, ಫೋನು. ಟೆಲಿ ಮಾನಸ್ ಸಹಾಯವಾಣಿ 14416, ಅಥವಾ 1800 891 4416. 2022ರ ಅಕ್ಟೋಬರ್ 10ರಂದು ಆರಂಭವಾದ ಇದು ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಿಲ್ಲ. ಇಡೀ ಕುಟುಂಬ ಚಿಕಿತ್ಸೆ ಫೋನಿನಲ್ಲೇ ಮುಗಿಯುತ್ತದೆ ಎಂದು ಎಣಿಸಬೇಡಿ. ನಿಮ್ಮ ವಿಷಯ ಹೇಳಿ, 'ಹಾಸನ ಜಿಲ್ಲೆಯಲ್ಲಿ ನಾವು ಎಲ್ಲಿಗೆ ಹೋಗಬೇಕು' ಎಂದು ಕೇಳಿ. ಹತ್ತಿರದ ಸರ್ಕಾರಿ ಸೇವೆಗೆ ಕಳುಹಿಸಿಕೊಡುವುದು ಅವರ ಕೆಲಸದ ಭಾಗ.

ಎರಡನೆಯದು ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಎಲ್ಲರ ಬಾಯಲ್ಲಿ ಹಿಮ್ಸ್. ಅದರ ಮನೋವೈದ್ಯಕೀಯ ವಿಭಾಗಕ್ಕೆ ಹೊರರೋಗಿ ಚೀಟಿ ಮಾಡಿಸಿ ಹೋಗಬೇಕು. ಅಲ್ಲಿ ಬೆಳಗಿನ ಹೊತ್ತು ಸಾಲು ಉದ್ದ, ವೈದ್ಯರಿಗೆ ಒಬ್ಬೊಬ್ಬರಿಗೂ ಕೊಡಲು ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಇಪ್ಪತ್ತು ವರ್ಷದ ಸಂಸಾರದ ಕಥೆ ಹೇಳಲು ಹೊರಟರೆ ಕೊನೆಗೆ ನಿದ್ದೆ ಮಾತ್ರೆಯ ಚೀಟಿಯೊಂದಿಗೆ ಹೊರಬರುತ್ತೀರಿ. ಅದರ ಬದಲು ನೇರವಾಗಿ ಹೀಗೆ ಹೇಳಿ: 'ಡಾಕ್ಟರ್, ನಮ್ಮ ಮನೆಯಲ್ಲಿ ನಾಲ್ಕು ಜನರ ನಡುವೆ ಮಾತುಕತೆಯೇ ನಿಂತುಹೋಗಿದೆ. ಮನೆಯವರೆಲ್ಲ ಕೂತು ಮಾತಾಡುವುದಕ್ಕೆ ಸೈಕಾಲಜಿಸ್ಟ್ ಅಥವಾ ಸೋಶಿಯಲ್ ವರ್ಕರ್ ಬಳಿ ಬೇರೆ ಸಮಯ ಕೊಡಿಸುತ್ತೀರಾ?' ಜನ ಕಡಿಮೆ ಇರುವ ಮಧ್ಯಾಹ್ನ ಬರಹೇಳುವ ಸಾಧ್ಯತೆ ಇರುತ್ತದೆ. ಚಿಕ್ಕಮಗಳೂರಿನಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಕೇಳುವ ಕ್ರಮ ಇದೇ.

ಮೂರನೆಯದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ದೇಶದಲ್ಲಿ ಈ ಮಾದರಿ ಮೊದಲು ಪ್ರಯೋಗವಾದದ್ದು ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಹುದ್ದೆಗಳಿವೆ. ಹುದ್ದೆ ಇರುವುದು ಬೇರೆ, ಹುದ್ದೆಯಲ್ಲಿ ಜನ ಇರುವುದು ಬೇರೆ, ಆದ್ದರಿಂದ ಹೋಗುವ ಮೊದಲು ಕೇಳಿಕೊಳ್ಳಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ಏರ್ಪಾಡಿದೆ. ಅರಕಲಗೂಡು, ಬೇಲೂರು, ಸಕಲೇಶಪುರ, ಅರಸೀಕೆರೆಯವರು ಹಾಸನದ ಬಸ್ ಹತ್ತುವ ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ 'ಯಾವ ಮಂಗಳವಾರ ಬರುತ್ತಾರೆ' ಎಂದು ವಿಚಾರಿಸಲಿ. ಊರಿನ ಆಶಾ ಕಾರ್ಯಕರ್ತೆಗೂ ಇದು ಗೊತ್ತಿರುತ್ತದೆ; ಆದರೆ ಆಕೆಯ ಬಳಿ ದಿನ ಕೇಳಿದರೆ ಸಾಕು, ಕಾರಣ ಹೇಳಬೇಕಿಲ್ಲ.

ಖಾಸಗಿಯಾಗಿ ನೋಡುವವರನ್ನು ಹುಡುಕುವಾಗ ನಿಮಗೆ ನಂಬಿಕೆಯಿರುವ ಮಕ್ಕಳ ವೈದ್ಯರನ್ನೋ ಹಳೆಯ ಫ್ಯಾಮಿಲಿ ಡಾಕ್ಟರನ್ನೋ ಕೇಳಿ. ಯಾರ ಬಳಿ ಹೋದ ಕುಟುಂಬಗಳು ಎರಡನೇ ಸಲವೂ ಹೋದವು ಎಂಬುದು ಅವರಿಗೆ ತಿಳಿದಿರುತ್ತದೆ. ಅಂತರ್ಜಾಲದ ನಕ್ಷತ್ರಗಳಿಗಿಂತ ಇದು ಗಟ್ಟಿ ಮಾಹಿತಿ.

ದೂರ, ಮಳೆ, ಮತ್ತು ನೋಡುವ ಕಣ್ಣುಗಳು

ಹಾಸನದಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತರೆ ಪರಿಚಯದವರೊಬ್ಬರು ಕಾಣದೆ ಇರುವುದಿಲ್ಲ. 'ಏನು, ಇಲ್ಲಿ?' ಎಂಬ ಪ್ರಶ್ನೆಗೆ ಹೆದರಿಯೇ ಎಷ್ಟೋ ಮನೆಯವರು ಮೈಸೂರಿಗೆ, ಬೆಂಗಳೂರಿಗೆ ಹೋಗುತ್ತಾರೆ. ಆ ಹೆದರಿಕೆ ಸಣ್ಣದಲ್ಲ, ವಿಶೇಷವಾಗಿ ಮದುವೆಗೆ ಬಂದ ಮಕ್ಕಳಿರುವ ಮನೆಯಲ್ಲಿ. ಆದರೂ ಲೆಕ್ಕ ಹಾಕಿ ನೋಡಿ. ಕುಟುಂಬ ಚಿಕಿತ್ಸೆ ಒಂದು ಸಲಕ್ಕೆ ಮುಗಿಯುವುದಿಲ್ಲ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆಯಂತೆ ಕೆಲವು ತಿಂಗಳು ಹೋಗಬೇಕಾಗುತ್ತದೆ. ಹಾಸನದಿಂದ ಬೆಂಗಳೂರು ಸುಮಾರು 180 ಕಿಲೋಮೀಟರ್. ಅಜ್ಜಿಯ ಮಂಡಿ ನೋವು, ಮಕ್ಕಳ ಪರೀಕ್ಷೆ, ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಆಳುಗಳ ಕೂಲಿ ಬಟವಾಡೆ ಇವೆಲ್ಲದರ ನಡುವೆ ನಾಲ್ಕು ಜನ ಎಷ್ಟು ಸಲ ಹೋಗಿಬಂದಾರು? ದೂರದ ಹೆಸರುವಾಸಿಯವರನ್ನು ಒಂದೆರಡು ಸಲ ಕಂಡು ನಿಲ್ಲಿಸುವುದಕ್ಕಿಂತ ಹತ್ತಿರದ ಸಾಧಾರಣ ಹೆಸರಿನವರ ಬಳಿ ಕೊನೆಯವರೆಗೆ ಹೋಗುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಮಂಗಳೂರು ಕಡೆಗೆ ಹೋಗುವ ಯೋಚನೆಯಿದ್ದವರು ಮಳೆಗಾಲದ ಶಿರಾಡಿ ಘಾಟಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗುಟ್ಟಿನ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಮಾನಸಿಕ ಆರೋಗ್ಯ ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡಬೇಕು ಎನ್ನುತ್ತದೆ. ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶದಂತಹ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಹೊರತು.

ಹತ್ತಿರದವರೋ ದೂರದವರೋ ಎಂಬ ಇವೆರಡರ ನಡುವೆ ವಿಡಿಯೊ ಕರೆ ಒಳ್ಳೆಯ ದಾರಿ. ಮೊದಲ ಒಂದೆರಡು ಭೇಟಿ ಎದುರಾಎದುರು ಆಗಲಿ, ಆಮೇಲೆ ವಿಡಿಯೊ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ, ಮದುವೆಯಾಗಿ ಹೋದ ಮಗಳು ಸೇರಿಕೊಳ್ಳುವುದಕ್ಕೂ ಇದರಿಂದ ಅನುಕೂಲ. ಒಂದೇ ಫೋನಿನ ಮುಂದೆ ನಾಲ್ಕು ಜನ ಕೂರುವುದಾದರೆ ಅದನ್ನು ಕೈಯಲ್ಲಿ ಹಿಡಿಯದೆ ಎಲ್ಲರ ಮುಖ ಕಾಣುವಷ್ಟು ದೂರದಲ್ಲಿ ಮೇಜಿನ ಮೇಲೆ ಒರಗಿಸಿಡಿ. ಫೋನು ಯಾರ ಕೈಯಲ್ಲಿರುತ್ತದೋ ಮಾತೂ ಅವರದೇ ಆಗಿಬಿಡುತ್ತದೆ. ಮೂಡಿಗೆರೆ, ಸಕಲೇಶಪುರದ ಒಳಗಿನ ತೋಟದ ಮನೆಗಳಲ್ಲಿ ನೆಟ್‌ವರ್ಕ್ ಕೈಕೊಡುವುದು ಹೊಸದಲ್ಲ. ಕರೆ ಕಡಿದರೆ ಯಾರು ಯಾರಿಗೆ ಮತ್ತೆ ಮಾಡಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಜಗಳದ ನಡುವೆ ಕಡಿದ ಕರೆ ಮನೆಯಲ್ಲಿ ಬಹಳ ಹೊತ್ತು ಉರಿಯುತ್ತದೆ.

ಮೊದಲ ಫೋನ್ ಕರೆ

ಆಯ್ಕೆ ನಿಜವಾಗಿ ನಡೆಯುವುದು ಇಲ್ಲಿ. ಹತ್ತು ನಿಮಿಷ ಮಾತಾಡಲು ಸಿಗುತ್ತಾರೆಯೇ ಎಂದು ಮೊದಲೇ ಕೇಳಿ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

'ಮೇಡಂ, ನಾವು ಆಲೂರಿನಿಂದ ಕರೆ ಮಾಡುತ್ತಿದ್ದೇವೆ. ಮನೆಯವರೆಲ್ಲರನ್ನೂ ಒಟ್ಟಿಗೆ ಕೂರಿಸಿ ನೋಡುವ ಅಭ್ಯಾಸ ನಿಮಗಿದೆಯೇ, ಅಥವಾ ಒಬ್ಬೊಬ್ಬರನ್ನೇ ನೋಡುತ್ತೀರಾ?' ಇದು ಮೊದಲ ಪ್ರಶ್ನೆ. ಒಬ್ಬರನ್ನು ನೋಡುವುದರಲ್ಲಿ ನುರಿತವರೆಲ್ಲ ಐದು ಜನ ಒಟ್ಟಿಗೆ ಮಾತಾಡುವ ಕೋಣೆಯನ್ನು ನಿಭಾಯಿಸಬಲ್ಲರು ಎಂದೇನಿಲ್ಲ. 'ಎರಡೂ ಮಾಡುತ್ತೇನೆ, ಮೊದಲು ಯಾರು ಬರುತ್ತೀರಿ ನೋಡೋಣ' ಎಂದರೆ ಒಳ್ಳೆಯ ಲಕ್ಷಣ. ಇದಕ್ಕೆ ಎಲ್ಲಿ ತರಬೇತಿ ಪಡೆದಿರಿ ಎಂಬುದು ಅದರ ಬೆನ್ನಿಗೆ.

ಎರಡನೆಯದು ಗುಟ್ಟಿನ ಪ್ರಶ್ನೆ, ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ. 'ನನ್ನೊಬ್ಬಳನ್ನೇ ಕರೆದು ಮಾತಾಡಿದಾಗ ಹೇಳಿದ್ದನ್ನು ನಮ್ಮ ಯಜಮಾನರ ಮುಂದೆ ಹೇಳುತ್ತೀರಾ?' ಕೆಲವರು ಪ್ರತ್ಯೇಕವಾಗಿ ಕೇಳಿದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಇನ್ನು ಕೆಲವರು ಇಡೀ ಮನೆಗೆ ಸಂಬಂಧಿಸಿದ್ದನ್ನು ನೀವೇ ಎಲ್ಲರ ಮುಂದೆ ಹೇಳುವಂತೆ ಸಿದ್ಧಮಾಡುತ್ತಾರೆ. ಎರಡೂ ಸರಿಯೇ. ನಿಯಮವೇನೆಂದು ಮೊದಲೇ ಸ್ಪಷ್ಟವಾಗಿ ಹೇಳದವರು ಮಾತ್ರ ಬೇಡ.

ಭಾಷೆ ಕೇಳಿ. ಬೆಂಗಳೂರಿನಿಂದ ವಿಡಿಯೊದಲ್ಲಿ ನೋಡುವವರಾದರೆ ಇದು ಮುಖ್ಯ. ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಹೇಳಿಕೊಳ್ಳಬಲ್ಲರು, ಅಜ್ಜಿಗೆ ಕನ್ನಡವೇ ಆಗಬೇಕು. ಭಾಷೆ ಅರ್ಥವಾಗದವರು ಕೋಣೆಯಲ್ಲಿ ಇದ್ದೂ ಇಲ್ಲದಂತೆ. ಶುಲ್ಕ ಎಷ್ಟು, ಒಂದು ಭೇಟಿ ಎಷ್ಟು ಹೊತ್ತು, ನಾಲ್ಕು ಜನ ಬಂದರೆ ನಾಲ್ಕು ಜನರ ಶುಲ್ಕವೇ, ಬರಲಾಗದಿದ್ದರೆ ಎಷ್ಟು ಮೊದಲು ತಿಳಿಸಬೇಕು ಎಂಬುದನ್ನು ಸಂಕೋಚವಿಲ್ಲದೆ ಕೇಳಿ. ಆರೋಗ್ಯ ವಿಮೆಯ ಮೇಲೆ ಭರವಸೆ ಇಟ್ಟವರಿಗೆ ಒಂದು ಎಚ್ಚರಿಕೆ: ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಕಾಯ್ದೆಯಲ್ಲಿದೆ, ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದ ಖರ್ಚನ್ನೇ ನೋಡುತ್ತವೆ, ಹೊರರೋಗಿಯಾಗಿ ಹೋಗಿ ಮಾತಾಡಿ ಬಂದದ್ದನ್ನಲ್ಲ.

ಫೋನ್ ಇಟ್ಟುಬಿಡಬೇಕಾದ ಉತ್ತರಗಳೂ ಇವೆ. 'ಮೂರೇ ಸಿಟ್ಟಿಂಗ್‌ನಲ್ಲಿ ಸರಿಮಾಡಿಕೊಡುತ್ತೇನೆ, ಗ್ಯಾರಂಟಿ' ಎನ್ನುವವರು. ಹತ್ತು ಭೇಟಿಯ ಹಣವನ್ನು ಮುಂಗಡವಾಗಿ ಕೇಳುವವರು. ವೈದ್ಯರಲ್ಲದಿದ್ದರೂ ಮಾತ್ರೆ ಕೊಡುವವರು. ನಿಮ್ಮ ಒಂದು ಕಡೆಯ ಕಥೆ ಕೇಳಿಯೇ 'ಅಯ್ಯೋ, ನಿಮ್ಮ ಅತ್ತೆಯದೇ ತಪ್ಪು' ಎಂದು ಸಮಾಧಾನ ಹೇಳುವವರು. ಇದು ಕೇಳಲು ಬಹಳ ಹಿತ, ಅದಕ್ಕೇ ಹೆಚ್ಚು ಅಪಾಯ. 'ಹೆಣ್ಣುಮಕ್ಕಳು ಸ್ವಲ್ಪ ಅನುಸರಿಸಿಕೊಂಡು ಹೋಗಬೇಕಮ್ಮ' ಎಂದು ಆರಂಭಿಸುವವರು. ಮಗ ಅಥವಾ ಮಗಳು ಸಲಿಂಗಿ ಎಂದು ತಿಳಿದು ಕಂಗಾಲಾದ ತಂದೆತಾಯಿಗೆ 'ಬದಲಾಯಿಸಿಕೊಡುತ್ತೇವೆ' ಎನ್ನುವವರು; ಅಂತಹ 'ಪರಿವರ್ತನಾ ಚಿಕಿತ್ಸೆ'ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿದೆ. ಆ ಮನೆಗೆ ಬೇಕಾದ ನೆರವು ಮಗುವನ್ನು ಬದಲಿಸುವುದಲ್ಲ, ತಂದೆತಾಯಿಯ ಭಯವನ್ನು ಕೂತು ಕೇಳುವುದು.

ಮನೆಯವರನ್ನು ಹೊರಡಿಸುವುದು

ಇದರಷ್ಟು ಕಷ್ಟದ ಹಂತ ಇನ್ನೊಂದಿಲ್ಲ. 'ನಿಮ್ಮನ್ನು ತೋರಿಸಬೇಕು' ಎಂದ ಕೂಡಲೇ ಎದುರಿನವರು 'ನನಗೇನು ಹುಚ್ಚೇ?' ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಕಷ್ಟವನ್ನು ನಿಮ್ಮ ಕಡೆಯಿಂದ ಹೇಳಿ. 'ಮಾವ, ನನಗೆ ಈ ಮನೆಯಲ್ಲಿ ಹೇಗೆ ಮಾತಾಡಬೇಕೆಂದೇ ತಿಳಿಯದಂತಾಗಿದೆ. ಒಬ್ಬರ ಹತ್ತಿರ ಕೇಳಿಕೊಂಡು ಬರೋಣ ಎಂದಿದ್ದೇನೆ. ನಿಮಗೆ ಕಂಡದ್ದನ್ನು ನೀವೇ ಬಂದು ಹೇಳಿದರೆ ನನಗೆ ದೊಡ್ಡ ಉಪಕಾರ.' ಹಿರಿಯರನ್ನು ರೋಗಿಯಾಗಿ ಕರೆದರೆ ಬರುವುದಿಲ್ಲ, ತಿಳಿದವರಾಗಿ ಕರೆದರೆ ಬರುವುದುಂಟು. ಹದಿಹರೆಯದವರಿಗೆ ಬೇರೆ ಮಾತು: 'ಅಲ್ಲಿ ನಿನ್ನೊಬ್ಬನನ್ನೇ ಬೈಯುವುದಿಲ್ಲ. ನಾನು ಮಾಡುವುದನ್ನೂ ಕೇಳುತ್ತಾರಂತೆ.' ಇದನ್ನು ಹೇಳಿದ ಮೇಲೆ ಅಲ್ಲಿ ನಿಜವಾಗಿಯೂ ಬೈಯದೆ ಇರಬೇಕು, ಅದು ನೆನಪಿರಲಿ.

ಶುಗರ್ ಪರೀಕ್ಷೆ ಎಂದು ಸುಳ್ಳು ಹೇಳಿ ಕರೆದೊಯ್ಯಬೇಡಿ. ಬಾಗಿಲಲ್ಲೇ ಗೊತ್ತಾಗುತ್ತದೆ, ಆಮೇಲೆ ಅವರು ಯಾವ ಆಸ್ಪತ್ರೆಗೂ ನಿಮ್ಮ ಜೊತೆ ಬರುವುದಿಲ್ಲ. ದೇವಸ್ಥಾನಕ್ಕೆ ಹರಕೆ, ಮಠದ ಸ್ವಾಮೀಜಿಯ ಮಾತು, ಜಾತಕ ಇವುಗಳ ಮೇಲೆ ನಂಬಿಕೆಯಿರುವ ಹಿರಿಯರೊಂದಿಗೆ ಅದು ಬೇಕೋ ಇದು ಬೇಕೋ ಎಂಬ ವಾದಕ್ಕೂ ಇಳಿಯಬೇಡಿ. ಎರಡೂ ನಡೆಯಲಿ.

ಯಾರೂ ಬರದಿದ್ದರೆ ಒಬ್ಬರೇ ಹೋಗಿ. ಮನೆಯಲ್ಲಿ ಒಬ್ಬರು ತಮ್ಮ ನಡೆ ಬದಲಿಸಿದರೂ ಉಳಿದವರ ನಡೆ ಅಲುಗುತ್ತದೆ. ಆದರೆ ಮುಂದೆ ಉಳಿದವರು ಬರಬಹುದೆಂದು ಮೊದಲ ದಿನವೇ ಚಿಕಿತ್ಸಕರಿಗೆ ತಿಳಿಸಿ. ನಾಲ್ಕಾರು ತಿಂಗಳು ನೀವೊಬ್ಬರೇ ಹೋಗಿ ಬಂದ ಜಾಗಕ್ಕೆ ಗಂಡನೋ ಅತ್ತೆಯೋ ಬಂದರೆ 'ಇವರು ಅವಳ ಕಡೆಯವರು' ಎಂದು ಅನ್ನಿಸುವುದು ಸಹಜ; ಅದನ್ನು ಹೇಗೆ ನಿಭಾಯಿಸಬೇಕೆಂದು ಬಲ್ಲ ಚಿಕಿತ್ಸಕರು ಮೊದಲೇ ಯೋಚಿಸಿರುತ್ತಾರೆ, ಕೆಲವೊಮ್ಮೆ ಬೇರೊಬ್ಬರ ಬಳಿ ಕಳುಹಿಸುತ್ತಾರೆ.

ಮೊದಲ ಭೇಟಿ

ಹಳೆಯ ಔಷಧ ಚೀಟಿಗಳನ್ನು ಒಯ್ಯಿರಿ. ಯಾರು ಯಾವಾಗ ಏನು ಅಂದರು ಎಂಬ ಆರೋಪಪಟ್ಟಿಯನ್ನು ಮನೆಯಲ್ಲೇ ಬಿಡಿ. ಮಕ್ಕಳಿಗೆ ಹೀಗೆ ಹೇಳು, ಹೀಗೆ ಹೇಳಬೇಡ ಎಂದು ಬಾಯಿಪಾಠ ಮಾಡಿಸಿ ಕರೆದೊಯ್ಯಬೇಡಿ.

ಅಲ್ಲಿ ಹೆಚ್ಚಾಗಿ ಮನೆತನದ ನಕ್ಷೆಯೊಂದನ್ನು ಬರೆಯುತ್ತಾರೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಮೂರು ತಲೆಮಾರು. ಯಾರು ಯಾರಿಗೆ ಹತ್ತಿರ, ಯಾರ ನಡುವೆ ಮಾತಿಲ್ಲ, ಯಾರು ಅಕಾಲದಲ್ಲಿ ಹೋದರು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಮೂವತ್ತು ವರ್ಷದ ಹಿಂದೆ ತೀರಿಕೊಂಡ ದೊಡ್ಡಪ್ಪನ ವಿಷಯ ಇವರಿಗೇಕೆ ಎಂದು ಅಸಹನೆ ಬೇಡ. ಆ ಸಾವಿನ ನಂತರ ಅಪ್ಪ ಯಾರ ಬಳಿಯೂ ಮನಸ್ಸು ಬಿಚ್ಚಿಲ್ಲ ಎಂಬುದು ಮಗನಿಗೆ ತಿಳಿಯುವುದು ಇಂತಹ ಹೊತ್ತಿನಲ್ಲೇ.

ಹೊರಬಂದ ಮೇಲೆ ಪ್ರತಿಯೊಬ್ಬರೂ ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ: ನನ್ನ ಮಾತನ್ನು ಅವರು ಕೇಳಿಸಿಕೊಂಡರೇ? ಕಡಿಮೆ ಮಾತಿನವರನ್ನು, ಸೊಸೆಯನ್ನು, ಹುಡುಗನನ್ನು ವಿಶೇಷವಾಗಿ ಕೇಳಿ ನೋಡಿ. ಮನೆಯಲ್ಲಿ ಗಟ್ಟಿಯಾಗಿ ಮಾತಾಡುವವರೇ ಅಲ್ಲೂ ಮಾತಾಡಿ ಮುಗಿಸಿದ್ದರೆ ಆ ಚಿಕಿತ್ಸಕರ ಹಿಡಿತ ಸಾಲದು. ಮೊದಲ ಭೇಟಿಯಲ್ಲಿ ಎಲ್ಲರಿಗೂ ಸ್ವಲ್ಪ ಇರಿಸುಮುರಿಸು ಆಗಿದ್ದರೆ ಚಿಂತೆಯಿಲ್ಲ. ಒಬ್ಬರು ಗೆದ್ದವರಂತೆ, ಇನ್ನೊಬ್ಬರು ಸೋತವರಂತೆ ಹೊರಬಂದರೆ ಯೋಚಿಸಬೇಕು.

ಮನೆಯಲ್ಲಿ ಮಾಡಲೆಂದು ಚಿಕ್ಕ ಕೆಲಸಗಳನ್ನು ಕೊಡುತ್ತಾರೆ: ರಾತ್ರಿ ಊಟ ಒಟ್ಟಿಗೆ, ಮಗನ ವಿಷಯದಲ್ಲಿ ಅಪ್ಪ ಅಮ್ಮ ಮೊದಲು ತಮ್ಮಲ್ಲೇ ಮಾತಾಡಿಕೊಂಡು ಆಮೇಲೆ ಅವನ ಬಳಿ ಹೋಗುವುದು, ಇಂಥವು. ಮಾಡಲಾಗದಿದ್ದರೆ ಆಗಲಿಲ್ಲ ಎಂದೇ ಹೇಳಿ, ಯಾಕೆ ಆಗಲಿಲ್ಲ ಎಂಬುದರಿಂದಲೂ ಅವರಿಗೆ ಕೆಲಸ ಸಿಗುತ್ತದೆ.

ಈಗಾಗಲೇ ವಿಚ್ಛೇದನದ ಅರ್ಜಿ ಹಾಕಿರುವವರು ಗಮನಿಸಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಂತೆ ನ್ಯಾಯಾಲಯವೇ ರಾಜಿಗೆ ಯತ್ನಿಸುತ್ತದೆ, ಅಲ್ಲಿ ಸಮಾಲೋಚಕರೂ ಇರುತ್ತಾರೆ. ಅವರ ಕೆಲಸ ಬೇರೆ, ನಿಮ್ಮ ಚಿಕಿತ್ಸಕರ ಕೆಲಸ ಬೇರೆ. ಪ್ರಕರಣ ನಡೆಯುತ್ತಿದೆ ಎಂಬುದನ್ನು ಚಿಕಿತ್ಸಕರಿಗೆ ಮೊದಲೇ ತಿಳಿಸಿ, ಅವರ ಟಿಪ್ಪಣಿಗಳು ನ್ಯಾಯಾಲಯಕ್ಕೆ ಹೋಗುವ ಸಾಧ್ಯತೆ ಇದೆಯೇ ಎಂದು ಕೇಳಿಕೊಳ್ಳಿ.

ಬದಲಾಯಿಸಬೇಕೆನಿಸಿದರೆ

ಮೂರು ನಾಲ್ಕು ಭೇಟಿಯಾದ ಮೇಲೂ ಯಾವ ದಿಕ್ಕಿನತ್ತ ಹೋಗುತ್ತಿದ್ದೇವೆಂದು ಯಾರಿಗೂ ತಿಳಿಯದಿದ್ದರೆ ಅದನ್ನು ಚಿಕಿತ್ಸಕರ ಮುಂದೆಯೇ ಹೇಳಿ. 'ಸರ್, ನಮಗೆ ಏನೂ ಬದಲಾದಂತೆ ಕಾಣುತ್ತಿಲ್ಲ' ಎನ್ನುವುದು ಅಗೌರವವಲ್ಲ. ಅವರು ಗುರಿಯನ್ನು ಮತ್ತೆ ನಿಮ್ಮೊಂದಿಗೆ ಕೂತು ನಿಗದಿ ಮಾಡಬಹುದು, ಅಥವಾ ಬೇರೆಯವರ ಹೆಸರು ಹೇಳಬಹುದು. ಹೇಳದೆ ಕೇಳದೆ ಹೋಗುವುದನ್ನು ನಿಲ್ಲಿಸಿದರೆ ಮಾತ್ರ ಆ ಹೆಸರು ಸಿಗುವುದಿಲ್ಲ.

ಹೊರಡುವಾಗ ಇಲ್ಲಿಯವರೆಗೆ ನಡೆದದ್ದರ ಒಂದು ಪುಟದ ಸಾರಾಂಶ ಬರೆಸಿಕೊಳ್ಳಿ. ತಮ್ಮ ವೈದ್ಯಕೀಯ ದಾಖಲೆ ನೋಡುವ ಹಕ್ಕು 2017ರ ಕಾಯ್ದೆಯ 25ನೇ ಕಲಮಿನಲ್ಲಿದೆ. ಸಾರಾಂಶದಲ್ಲಿ ಯಾರ ಯಾರ ವಿಷಯ ಬರೆಯಬಹುದು ಎಂದು ಬಂದವರೆಲ್ಲರ ಒಪ್ಪಿಗೆ ಕೇಳಲು ಚಿಕಿತ್ಸಕರಿಗೆ ಸ್ವಲ್ಪ ಸಮಯ ಬೇಕಾಗುತ್ತದೆ, ಆದ್ದರಿಂದ ಕೊನೆಯ ಭೇಟಿಗೆ ಮೊದಲೇ ಹೇಳಿಡಿ.